ಜ್ವರಕ್ಕೆ ಕೂತ ಏಡಿ

೮-೧೨-೨೦೨೪, ಭಾನುವಾರ, ಶಾಗ್ಯ

ಕೊಳ್ಳೇಗಾಲದ ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಮೂವತ್ತೆಂಟು ವರ್ಷ ಪರರ ಅರ್ಜಿಗಳನ್ನು ಬರೆದುಕೊಟ್ಟ ನಾನು, ನನ್ನ ಮನೆಯ ವಿದ್ಯಮಾನವನ್ನು ನನ್ನ ತಿಳಿವಳಿಕೆಗಾಗಿಯೇ ಈ ಪುಸ್ತಕದಲ್ಲಿ ದಾಖಲಿಸುವುದೇನೆಂದರೆ:

ನನ್ನ ಧರ್ಮಪತ್ನಿ ಪುಟ್ಟಬಸಮ್ಮ, ವಯಸ್ಸು ಅರವತ್ತೆಂಟು, ಇವಳಿಗೆ ಕಳೆದ ಅಕ್ಟೋಬರ್ ಹದಿನೇಳರಂದು ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿರುತ್ತದೆ. ಮಾತು ನಿಂತಿರುತ್ತದೆ. "ಕೈಗೆ ಕೆಲಸ ಕೊಡಿ ಯಜಮಾನ್ರೆ. ಮೊದಲ ಮೂರ್ನಾಲ್ಕು ತಿಂಗಳಲ್ಲಿ ಬಂದಷ್ಟು ಬಂತು, ಆಮೇಲೆ ಮರಗಟ್ಟಿಬಿಡುತ್ತೆ" ಎಂದು ಕೊಳ್ಳೇಗಾಲದ ಡಾಕ್ಟರು ತಿಳಿಸಿ, ಫೆಬ್ರವರಿ ಮೂರರಂದು ಪುನಃ ಹಾಜರುಪಡಿಸಲು ಸೂಚಿಸಿರುತ್ತಾರೆ. ಹಿಸುಕುವುದಕ್ಕೆಂದು ಅವರು ಕೊಟ್ಟ ರಬ್ಬರ್ ಚೆಂಡನ್ನು ಇವಳು ಎಡಗೈಯಿಂದ ಎತ್ತಿ ಕಿಟಕಿಯಾಚೆ ಎಸೆಯುತ್ತಾಳೆ. ಈ ವಾರ ಮೂರು ಸಲ ನಾನೇ ಹೆಕ್ಕಿ ತಂದಿರುತ್ತೇನೆ.

ಹೀಗಿರುವಲ್ಲಿ, ಮೈಸೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಿರುವ ಮೊಮ್ಮಗಳು ಮಧುಶ್ರೀ ಇಂದು ಒಂದು ಗಾಜಿನ ತೊಟ್ಟಿಯನ್ನು ಹೊತ್ತು ಬಂದಳು. ಒಳಗೆ ಅರ್ಧದವರೆಗೆ ಒದ್ದೆ ಮರಳು. ಮರಳಿನ ಮೇಲೆ ಒಂದು ಶಂಖ. ನೋಡುತ್ತಿರುವಂತೆ ಶಂಖಕ್ಕೆ ಕಾಲು ಮೂಡಿ ನಡೆಯಿತು.

"ಇದು ಗುಂಡ, ತಾತ. ಸನ್ಯಾಸಿ ಏಡಿ, ಖಾಲಿ ಶಂಖದಲ್ಲೇ ಮನೆ ಮಾಡ್ಕಂಡಿರ್ತದೆ. ಹಾಸ್ಟೆಲ್ ವಾರ್ಡನ್ ಬಿಸಾಕು ಅಂದ್ರು. ಪರೀಕ್ಷೆ ಮುಗಿಯೋಗಂಟ ಇಲ್ಲಿರ್ಲಿ."

"ಲಿಂಗಪೂಜೆ ನಡೆಯುವ ಮನೆಯಲ್ಲಿ ಏಡಿಯೇ?"

"ತಿನ್ನಕ್ಕಲ್ಲ ತಾತ, ಸಾಕಕ್ಕೆ."

"ತಾತನ್ನ ಕೇಳ್ಕಳವ್ವ, ನನ್ ಕೈಲಾಗಲ್ಲ" ಎಂದು ಸೊಸೆ ಕೋಮಲ ಒಳಗೆ ಹೋದಳು. ಅವಳು ಹೇಳಿದ್ದರಲ್ಲಿ ನ್ಯಾಯವಿದೆ. ಅವಳದು ಅಂಗನವಾಡಿ ಕೆಲಸ, ಮಗ ಪ್ರಭುಸ್ವಾಮಿಯದು ಯಳಂದೂರಿನಲ್ಲಿ ನೌಕರಿ. ಇಬ್ಬರೂ ಎಂಟಕ್ಕೆ ಮನೆ ಬಿಟ್ಟರೆ ಸಂಜೆಯವರೆಗೆ ಇಲ್ಲಿರುವವರು ನಾನು ಮತ್ತು ರೋಗಿ.

ನಿರಾಕರಿಸುವವನಿದ್ದೆ. ಆಗ ಮಂಚದ ಮೇಲಿದ್ದ ಪುಟ್ಟಬಸಮ್ಮನ ಬಲಗೈಯ ಎರಡು ಬೆರಳುಗಳು ದುಪ್ಪಟಿಯಿಂದ ಎದ್ದು ಗಾಜಿನ ಕಡೆಗೆ ಚಾಚಿದವು. ಅಕ್ಟೋಬರ್ ಹದಿನೇಳರಿಂದ ಈಚೆಗೆ ಆ ಬೆರಳುಗಳು ಯಾವುದರ ಕಡೆಗೂ ಚಾಚಿರಲಿಲ್ಲ. ಆದ ಕಾರಣ ಸದರಿ ಜೀವಿಯ ತಾತ್ಕಾಲಿಕ ವಾಸ್ತವ್ಯಕ್ಕೆ ಅನುಮತಿ ನೀಡಲಾಯಿತು.

೧೧-೧೨-೨೦೨೪, ಬುಧವಾರ

ಮಧುಶ್ರೀ ಬಿಟ್ಟುಹೋದ ಚೀಟಿಯಲ್ಲಿ ಕಾಗುಣಿತ ನೆಟ್ಟಗಿಲ್ಲ. ತಿದ್ದಿ, ನಿಯಮಗಳ ರೂಪಕ್ಕೆ ತಂದು, ಗೋಡೆಗೆ ಅಂಟಿಸಿದೆ. ಶಾಖವು ಇಪ್ಪತ್ತಾರು ಡಿಗ್ರಿಗಿಂತ ಕಡಿಮೆಯಾಗತಕ್ಕದ್ದಲ್ಲ. ತೇವವು ಶೇಕಡಾ ಎಂಬತ್ತರ ಆಸುಪಾಸಿನಲ್ಲಿರತಕ್ಕದ್ದು. ಮುಚ್ಚಳ ಸದಾ ಮುಚ್ಚಿರತಕ್ಕದ್ದು. ಬಿಸಿ ಮಾಡುವ ಕರೆಂಟಿನ ಹಾಳೆಯನ್ನು ತೊಟ್ಟಿಯ ಬೆನ್ನಿಗೆ ಅಂಟಿಸುವುದೇ ಹೊರತು ಅಡಿಗೆ ಇಡಕೂಡದು, ಇಟ್ಟಲ್ಲಿ ಮರಳು ಕಾದು ಜೀವಿ ಬೇಯುವ ಸಂಭವವಿರುತ್ತದೆ.

ಬೆಳಿಗ್ಗೆ, ತೊಟ್ಟಿಯೊಳಗೆ ಅಂಟಿಸಿರುವ ಶಾಖ ತೇವಗಳ ಮಾಪಕ ಶಾಖ ಹತ್ತೊಂಬತ್ತು ಎಂದು ತೋರಿಸಿತು. ಜೀವಿ ಶಂಖದೊಳಗೆ ಸೇರಿ ಬಾಗಿಲು ಹಾಕಿಕೊಂಡಿತ್ತು. ಪುಟ್ಟಬಸಮ್ಮ ಎರಡು ತುತ್ತು ಉಂಡು ಗೋಡೆಯ ಕಡೆಗೆ ತಿರುಗಿದಳು. ಅದು ಹೊರಬಂದರೆ ಇವಳ ಕೈ ಏಳುತ್ತದೆ, ಅದು ಬಾರದಿದ್ದರೆ ಇಲ್ಲ. ಇದು ನನಗೆ ಸ್ಪಷ್ಟವಾಯಿತು.

ಟಿ.ವಿ. ಡಬ್ಬಿಯಲ್ಲಿದ್ದ ಥರ್ಮೋಕೋಲನ್ನು ಕುಯ್ದು ಮೂರು ಬದಿಗೆ ಕಟ್ಟಿದೆ. ಮಧ್ಯಾಹ್ನಕ್ಕೆ ಇಪ್ಪತ್ತಮೂರು. ಸಾಲದು.

೧೨-೧೨-೨೦೨೪, ಗುರುವಾರ

ಕೋಮಲಳಿಗೆ ರಜೆ ಹಾಕಿಸಿ, ಹನೂರಿಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಒಡೆಯರಪಾಳ್ಯದ ಟಿಬೆಟನ್ನರ ಅಂಗಡಿಯಲ್ಲಿ ಉಣ್ಣೆಯ ಕಂಬಳಿ ತಂದೆ. ಅಂಗಡಿಯ ಹೆಂಗಸು, "ಮಗುಗಾ? ಎಷ್ಟು ವರ್ಷ ಮಗು?" ಎಂದು ಕೇಳಿದಳು. "ಚಿಕ್ಕದು" ಎಂದೆ. ಅದಕ್ಕಿಂತ ಹೆಚ್ಚು ವಿವರಿಸುವ ಅಗತ್ಯ ಕಂಡುಬರಲಿಲ್ಲ.

ಕಂಬಳಿಯನ್ನು ಥರ್ಮೋಕೋಲಿನ ಮೇಲೆ ಸುತ್ತಿ, ಮುಂದಿನ ಗಾಜನ್ನು ಮಾತ್ರ ರೋಗಿಯ ಕಣ್ಣಿಗೆ ಬಿಟ್ಟಿದ್ದೇನೆ. ಸಂಜೆಗೆ ಇಪ್ಪತ್ತಾರೂವರೆ.

ರೇಷ್ಮೆ ಹುಳು ಸಾಕುವ ನೆರೆಮನೆಯ ಚಿಕ್ಕಮಾದಪ್ಪ ಬಾಗಿಲಲ್ಲಿ ನಿಂತು ನೋಡಿದ; ಏಡಿ ಅವನ ಬಾಯಲ್ಲಿ ನಳ್ಳಿ. "ಏನ್ ಶಿವರುದ್ರಣ್ಣ, ನಳ್ಳಿಗೆ ಬಾಣಂತಿ ಕಾವು ಕೊಡ್ತಿದ್ದೀಯಂತೆ? ಮೆಣಸು ಬೆಳ್ಳುಳ್ಳಿ ಅರ್ದು ಕೊಟ್ಯಾ?"

ಪುಟ್ಟಬಸಮ್ಮನ ಬಾಯಿಯ ಎಡತುದಿ ಸ್ವಲ್ಪ ಮೇಲೆ ಹೋಯಿತು. ಆದ್ದರಿಂದ ಅವನಿಗೆ ತಕ್ಕ ಉತ್ತರ ಕೊಡದೆ ಬಿಟ್ಟೆ.

೧೬-೧೨-೨೦೨೪, ಸೋಮವಾರ

ಬೆಳಿಗ್ಗೆ ಆರರಿಂದ ಹನ್ನೊಂದರವರೆಗೆ ಕರೆಂಟಿಲ್ಲ. ಬಿಸಿನೀರಿನ ಚೊಂಬುಗಳನ್ನು ಕಂಬಳಿಯೊಳಗೆ ಗಾಜಿಗೆ ಆನಿಸಿ ಇಟ್ಟು, ಆರಿದಂತೆ ಬದಲಿಸಿದೆ. ಇಪ್ಪತ್ತನಾಲ್ಕಕ್ಕೆ ಇಳಿದು ನಿಂತಿತು. ಪೂಜೆ ತಡವಾಯಿತು.

೨೨-೧೨-೨೦೨೪, ಭಾನುವಾರ

ಬಲಗೈ ಎದ್ದದ್ದು: ಐದು ಸಲ.

ಕೊಬ್ಬರಿ ಚೂರನ್ನು ಹೆಬ್ಬೆರಳು ತೋರುಬೆರಳ ನಡುವೆ ಸಿಕ್ಕಿಸಿಕೊಟ್ಟೆ. ಎರಡು ಸಲ ಬಿತ್ತು. ಮೂರನೆಯದು ತೊಟ್ಟಿಯೊಳಕ್ಕೆ ತಲುಪಿತು. ಜೀವಿ ಬಂದು ಚಿಮುಟಿಯಂಥ ಕೈಯಿಂದ ಎತ್ತಿಕೊಂಡು ತಿಂದಿತು. ಎಡಗೈಗಿಂತ ಬಲಗೈ ಚಿಕ್ಕದು ಅದಕ್ಕೆ. ಪುಟ್ಟಬಸಮ್ಮ ಇನ್ನೊಂದು ಚೂರಿಗೆ ಬೆರಳು ಅಗಲಿಸಿದಳು. ನಿನ್ನೆ ಮೂರು ಸಲ, ಮೊನ್ನೆ ಮೂರು. ಇದೇ ರೀತಿ ಮುಂದುವರಿದಲ್ಲಿ ಫೆಬ್ರವರಿ ಮೂರರಂದು ಡಾಕ್ಟರ ಮುಂದೆ ತಲೆಯೆತ್ತಿ ನಿಲ್ಲಬಹುದು.

೨೬-೧೨-೨೦೨೪, ಗುರುವಾರ

ಜೀವಿ ಇಲ್ಲ.

ತೊಟ್ಟಿಯಲ್ಲಿ ಮರಳು ಮಾತ್ರ ಇದೆ, ಒಂದು ಮೂಲೆಯಲ್ಲಿ ಇಲಿ ತೋಡಿದಂತೆ ಗುಡ್ಡೆ. ಒಳಗೆ ಹೂತುಕೊಂಡಿದೆ. "ಸತ್ತೋಗಿರ್ಬೇಕು ಕಣ್ ಮಾವ. ಅಗ್ದು ತೆಗ್ದುಬುಡಿ, ನಾತ ಬರೋಕ್ ಮುಂಚೆ" ಎಂದು ಕೋಮಲ ಹೇಳಿ ಕೆಲಸಕ್ಕೆ ಹೋದಳು. ಚಮಚ ತೆಗೆದುಕೊಂಡು ಮುಚ್ಚಳ ಎತ್ತಿದೆ.

"ಜ್ವರ."

ಪುಟ್ಟಬಸಮ್ಮ. ಎಪ್ಪತ್ತು ದಿನಗಳ ನಂತರ ಅವಳ ಬಾಯಿಂದ ಹೊರಟ ಮೊದಲ ಮಾತು. ನಾನು ಚಮಚ ಬಿಟ್ಟು ಥರ್ಮಾಮೀಟರ್ ತಂದು ಅವಳ ಕಂಕುಳಿಗೆ ಇಟ್ಟೆ. ಜ್ವರವಿರಲಿಲ್ಲ. ಹಣೆ ಮುಟ್ಟಿ ನೋಡಿದೆ. ಅವಳು ಎಡಗೈಯಿಂದ ನನ್ನ ಕೈಯನ್ನು ಫಟ್ಟನೆ ಹೊಡೆದು, ತೊಟ್ಟಿಯ ಕಡೆ ತೋರಿಸಿ, ಇನ್ನೊಮ್ಮೆ ಹೇಳಿದಳು. "ಜ್ವರ."

ಆಗ ತಿಳಿಯಿತು. ರೇಷ್ಮೆ ಹುಳು ಸೊಪ್ಪು ಬಿಟ್ಟು, ತಲೆಯೆತ್ತಿ ನಿಶ್ಚಲವಾಗಿ ನಿಂತು ಪೊರೆ ಕಳಚುತ್ತದಲ್ಲ, ಅದಕ್ಕೆ ನಮ್ಮ ಸೀಮೆಯಲ್ಲಿ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಇವಳು ಹಿತ್ತಿಲ ಹುಳುಮನೆಯಲ್ಲಿ ಮೂವತ್ತು ವರ್ಷ ಹುಳು ಸಾಕಿದವಳು. ಮಧುಶ್ರೀಗೆ ಫೋನು ಮಾಡಿದೆ. ಪರೀಕ್ಷೆಗೆ ಹೊರಟಿದ್ದಳು. "ಹೂಂ ತಾತ, ಪೊರೆ ಬಿಡಕ್ಕೆ ಒಳೀಕ್ ಹೋಗಿರ್ತದೆ. ತಿಂಗಳು ಮೇಲೂ ಆಗ್ಬೋದು. ಅಗೀಬೇಡಿ" ಎಂದಷ್ಟೇ ಹೇಳಿ ಇಟ್ಟಳು.

೨೭-೧೨-೨೦೨೪, ಶುಕ್ರವಾರ

ಜ್ವರದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹುಳು ಕೆಟ್ಟವರಿಗೆ ಪರಿಹಾರ ಕೋರಿ ನಾನು ಬರೆದ ಅರ್ಜಿಗಳು ನೂರಾರು. ಪ್ರತಿಯೊಂದರಲ್ಲಿಯೂ ಇಲಾಖೆಯ ಕರಪತ್ರವನ್ನು ಯಥಾವತ್ತಾಗಿ ನಕಲು ಮಾಡುತ್ತಿದ್ದೆ: ಜ್ವರದ ಅವಧಿಯಲ್ಲಿ ಹುಳುಮನೆ ಒಣಗಿರತಕ್ಕದ್ದು, ಗಾಳಿಯಾಡತಕ್ಕದ್ದು, ಹುಳುವಿನ ಹಾಸಿಗೆಯ ಮೇಲೆ ಸುಣ್ಣದ ಪುಡಿ ಉದುರಿಸತಕ್ಕದ್ದು. ಗೋಡೆಯ ಮೇಲಿನ ನಿಯಮ ಆರೋಗ್ಯದ ದಿನಗಳಿಗೆ. ಜ್ವರಕ್ಕೆ ವಿಶೇಷ ನಿಯಮ. ಸಾಮಾನ್ಯ ನಿಯಮಕ್ಕಿಂತ ವಿಶೇಷ ನಿಯಮ ಮೇಲು.

ಅದರಂತೆ ಒದ್ದೆ ಸ್ಪಂಜನ್ನು ಹೊರತೆಗೆದು, ಮುಚ್ಚಳ ತೆರೆದಿಟ್ಟು, ಕಿಟಕಿಯನ್ನೂ ತೆರೆದೆ. ಚಿಕ್ಕಮಾದಪ್ಪ ಜರಡಿ ಹಿಡಿದ ಸುಣ್ಣದ ಪುಡಿ ತಂದುಕೊಟ್ಟ.

ಇಲ್ಲಿ ಒಂದು ವಿಷಯವನ್ನು ನಮೂದಿಸಬೇಕಾಗಿದೆ. ಸುಣ್ಣದ ಬಟ್ಟಲನ್ನು ಮಂಚದ ಪಕ್ಕದ ಸ್ಟೂಲಿನ ಮೇಲೆ ಇಟ್ಟು ನಾನು ಕನ್ನಡಕ ಹುಡುಕುತ್ತಿದ್ದಾಗ, ಪುಟ್ಟಬಸಮ್ಮ ಹಟದಿಂದ ಬಲಗೈ ಬೀಸಿ ಬಟ್ಟಲನ್ನು ನೆಲಕ್ಕೆ ತಳ್ಳಿ, ಸುಣ್ಣವನ್ನೆಲ್ಲ ಚೆಲ್ಲಿ, ಮನೆಯನ್ನು ಹೊಲಸು ಮಾಡಿದಳು. ಕೇಳಿದ್ದಕ್ಕೆ ಮಂಚವನ್ನು ಗುದ್ದಿದಳು. ಶೌಚಕ್ಕೆ ಎಂದು ಎಬ್ಬಿಸಹೋದರೆ ಅದೂ ಅಲ್ಲ. ರೋಗಿಯ ಮನಸ್ಸು ಚಂಚಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಗುಡಿಸಿ ಬಳಿಯಲು ಒಂದು ಗಂಟೆ ಹಿಡಿಯಿತು.

೨೯-೧೨-೨೦೨೪, ಭಾನುವಾರ

ಮರಳಿನ ಮೇಲ್ಪದರ ಬೆಳ್ಳಗಾಗಿದೆ. ಒಣಗಿದೆ ಎಂದರ್ಥ. ತೃಪ್ತಿಕರ. ಪುಟ್ಟಬಸಮ್ಮ ಗಂಜಿ ಬಿಟ್ಟಿದ್ದಾಳೆ. ಗೋಡೆಗೆ ಮುಖ.

೩೧-೧೨-೨೦೨೪, ಮಂಗಳವಾರ

ಮಧುಶ್ರೀ ಪರೀಕ್ಷೆ ಮುಗಿಸಿ ವಿಡಿಯೊ ಕರೆ ಮಾಡಿದಳು. ತೊಟ್ಟಿ ತೋರಿಸಿದೆ.

"ತಾತ, ಮುಚ್ಚಳ ಯಾವಾಗಿಂದ ತೆಗ್ದಿದೆ?"

"ಶುಕ್ರವಾರದಿಂದ. ಜ್ವರದಲ್ಲಿ ಒಣಗಿರಬೇಕು."

"ಅದು ಹುಳ ಅಲ್ಲ ತಾತ. ಅದಕ್ಕೆ ಕಿವಿರು ಇರೋದು, ಮೀನಿನ ತರ. ಗಾಳೀಲಿ ಪಸೆ ಇದ್ರೇನೇ ಉಸಿರು. ಒಣಗಿದ್ರೆ ಪೊರೆ ಒಳಗೇ ಸಿಕ್ಕಾಕೊಂಡು ಸಾಯ್ತದೆ." ಮುಖವನ್ನು ಪರದೆಗೆ ಹತ್ತಿರ ತಂದಳು. "ಮಾಪಕ ತೇವ ಎಷ್ಟು ತೋರಿಸ್ತೈತೆ?"

ನಲವತ್ತಾರು.

ತಪ್ಪು ಸಂಭವಿಸಿರುತ್ತದೆ.

೧-೧-೨೦೨೫, ಬುಧವಾರ

ನಿನ್ನೆಯ ಕೊನೆಯ ವಾಕ್ಯವನ್ನು ಓದಿದೆ. ಅರ್ಜಿದಾರರಿಗೆ ನಾನು ಕಲಿಸುತ್ತಿದ್ದ ವಾಕ್ಯ ಅದು. ಮಾಡಿದೆ ಎಂದು ಬರೆಯಬೇಡಿ, ಸಂಭವಿಸಿತು ಎಂದು ಬರೆಯಿರಿ, ಯಾರ ಮೇಲೂ ಬರುವುದಿಲ್ಲ ಎನ್ನುತ್ತಿದ್ದೆ. ತಪ್ಪು ಮಾಡಿದವನು ನಾನು. ಬೇಡವೆಂದು ಅವಳು ಸುಣ್ಣ ಚೆಲ್ಲಿದಳು, ಮಂಚ ಗುದ್ದಿದಳು. ನಾನು ಕರಪತ್ರ ಓದಿದೆ.

ಬೆಳಿಗ್ಗೆ ಮಂಚದ ಪಕ್ಕ ಕೂತು ಅವಳ ಬೆನ್ನಿಗೆ ಹೇಳಿದೆ: "ನಾನು ಒಣಗಿಸಿಬಿಟ್ಟೆ ಬಸಮ್ಮ. ಈಗ ಹೇಗೆ ತೇವ ಮಾಡುವುದೋ ಗೊತ್ತಿಲ್ಲ. ನೀರು ಸುರಿದರೆ ಒಳಗೆ ಅದರ ಗೂಡು ಕುಸಿಯುತ್ತದೆಯಂತೆ."

ತಿರುಗಿದವಳು "ಗೋಣಿ" ಎಂದಳು.

ಗೋಣಿಚೀಲ ತಂದೆ. "ನೀರು" ಎಂದಳು. ಬಕೆಟ್ ತಂದೆ. ಅದ್ದಿ ತೊಟ್ಟಿಯ ಮೇಲೆ ಹಾಕಹೋದರೆ ತೊಟ್ಟಿಕ್ಕಿ ಮರಳಿಗೆ ಬೀಳುತ್ತಿತ್ತು. "ಥೂ" ಎಂದಳು. ಅದು ಸ್ಪಷ್ಟವಾಗಿಯೇ ಕೇಳಿಸಿತು. ನಾನು ಹಿಂಡಿದೆ, ಅವಳಿಗೆ ಸಮಾಧಾನವಾಗಲಿಲ್ಲ. ಒಂದು ತುದಿಯನ್ನು ನನಗೆ ಬಿಟ್ಟು ಇನ್ನೊಂದನ್ನು ತಾನು ಹಿಡಿದು ತಿರುಚಿದಳು, ಅಷ್ಟೂ ನೀರು ಬಕೆಟ್ಟಿಗೆ ಇಳಿಯಿತು. ಹನಿ ಬೀಳದ ಗೋಣಿಯನ್ನು ತೊಟ್ಟಿಯ ಒಳಬದಿಗೆ ಇಳಿಬಿಟ್ಟು, ಮೇಲೆ ಮೇಣದ ಕಾಗದ ಹೊದಿಸಿ, ಅದರ ಮೇಲೆ ಮುಚ್ಚಳ, ಅದರ ಮೇಲೆ ಕಂಬಳಿ. ಮರಿಹುಳುವಿಗೆ ಹೀಗೆ ಮಾಡುತ್ತಿದ್ದಳಂತೆ. ಬೆರಳಲ್ಲಿ ತೋರಿಸಿದಳು, ಇಷ್ಟು ಚಿಕ್ಕ ಹುಳುವಿಗೆ ಎಂದು.

ನಾನು ಹುಳುಮನೆಗೆ ಒಮ್ಮೆಯೂ ಕಾಲಿಟ್ಟವನಲ್ಲ. ಕಾಗದಕ್ಕೆ ಹುಳುವಿನ ವಾಸನೆ ಹತ್ತುತ್ತದೆಂದು, ಸೀರೆ ಬದಲಿಸಿಯೇ ನನಗೆ ಊಟ ಬಡಿಸಬೇಕೆಂಬ ಕಟ್ಟಳೆ ಮಾಡಿದ್ದೆ.

ಸಂಜೆ ತೇವ ಅರವತ್ತೆಂಟು.

೪-೧-೨೦೨೫, ಶನಿವಾರ

ಎಂಬತ್ತೊಂದು. ಶಾಖ ಇಪ್ಪತ್ತೇಳು. ಗೋಣಿ ದಿನಕ್ಕೆ ಮೂರು ಸಲ; ನಾನು ತುದಿ ಹಿಡಿಯುವುದು ಬೇಡವಂತೆ, ಒಬ್ಬಳೇ ಹಿಂಡುತ್ತಾಳೆ. ಒಳಗೆ ಏನಾಗಿದೆಯೋ ಕಾಣುವುದಿಲ್ಲ.

೯-೧-೨೦೨೫, ಗುರುವಾರ

ಎಂಬತ್ತು. ಇಪ್ಪತ್ತೇಳು. ಗಾಜಿಗೆ ಕಿವಿಯಿಟ್ಟು ಆಲಿಸಿದೆ. ಬಸಮ್ಮ "ಉಶ್" ಎಂದಳು, ನಾನು ಸದ್ದು ಮಾಡದಿದ್ದರೂ.

೧೪-೧-೨೦೨೫, ಮಂಗಳವಾರ, ಸಂಕ್ರಾಂತಿ

ಬೆಳಿಗ್ಗೆಯಿಂದ ಕರೆಂಟಿಲ್ಲ, ಮೋಡ, ಎಲ್ಲಿಲ್ಲದ ಥಂಡಿ. ಚೊಂಬುಗಳು ಸಾಲದೆ, ಬೆಲ್ಲ ಕೊಡಲು ಬಂದ ಚಿಕ್ಕಮಾದಪ್ಪನ ಮನೆಯಿಂದಲೂ ನಾಲ್ಕು ತರಿಸಿದೆ.

"ಇದ್ಲು ಕೆಂಡ ತಂದು ಮಡಗ್ಲಾ ಅಕ್ಕ, ನಿಮ್ ಉಳುಮನೇಲಿ ಮಡಗ್ತಿದ್ರಲ್ಲ?" ಎಂದು ಅವನು ಬಸಮ್ಮನನ್ನು ಕೇಳಿದ. ನನ್ನನ್ನಲ್ಲ.

ಬಸಮ್ಮ ತಲೆಯಾಡಿಸಿದಳು. "ವಗೆ. ಉಸ್ರು ಕಟ್ತದೆ." ಹೊಗೆಯಾದೀತೆಂದು. ಮೂರು ಪದ.

"ಅಕ್ಕನ್ ಮಾತು ವಾಪಸ್ ಬತ್ತದೆ ಕಣ್ ಶಿವರುದ್ರಣ್ಣ. ಇನ್ನು ನಿನ್ ಕತೆ ಮುಗೀತು" ಎಂದ.

ನಾನು ಮಾಪಕವನ್ನು ನೋಡುತ್ತಿದ್ದೆ. ಇಪ್ಪತ್ತಮೂರು. ಮೂರು ಗಂಟೆಗೆ ಕರೆಂಟು ಬಂತು.

೨೧-೧-೨೦೨೫, ಮಂಗಳವಾರ

ಮುಚ್ಚಳ ತೆಗೆದಾಗ ವಾಸನೆ. ಸತ್ತಿದ್ದರೆ ಕೊಳೆತ ಮೀನಿನ ನಾತ ಬರುತ್ತದೆಂದು ಮಧುಶ್ರೀ ಹೇಳಿದ್ದಳು. ಇದು ಅದೇ ಏನು? ಎಪ್ಪತ್ತೆರಡು ವರ್ಷದಲ್ಲಿ ನಾನು ಮೀನನ್ನು ಮೂಸಿದವನಲ್ಲ. ಕೋಮಲಳಿಗೂ ತಿಳಿಯದು. ಚಿಕ್ಕಮಾದಪ್ಪನೂ ನಮ್ಮವನೇ, ಮೀನು ಮುಟ್ಟದವನು. ಫೋನು ಮಾಡಿದರೆ, "ನಂಗೂ ಗೊತ್ತಿಲ್ಲ ತಾತ, ಪುಸ್ತಕದಲ್ಲಿ ಹಂಗೆ ಬರ್ದೈತೆ" ಎಂದಳು ಮಧುಶ್ರೀ. ಬಸಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಮಧ್ಯಾಹ್ನದ ಊಟ ಮುಟ್ಟಲಿಲ್ಲ.

ಕೆರೆಯಲ್ಲಿ ಮೀನು ಹಿಡಿಯುವ ದೊಡ್ಡಮಾದಯ್ಯ ನೆನಪಾದ. ಅವನ ಜಮೀನಿನ ಅರ್ಜಿಗಳನ್ನೆಲ್ಲ ಬರೆದವನು ನಾನು, ಜಗಲಿಯ ಕೆಳಗೆ ನಿಂತೇ ಹೇಳಿ ಬರೆಸುತ್ತಿದ್ದ. ಕೇರಿಗೆ ಹೋಗಿ ಕರೆದೆ. ಏನೆಂದು ಕೇಳದೆ ಬಂದ. ಹೊಸ್ತಿಲ ಬಳಿ ನಿಂತುಬಿಟ್ಟ.

"ಒಳೀಕ್ ಬರ್ಲಾ ಸಾ?"

ಹೊತ್ತಾಗುತ್ತಿತ್ತು. ಕೈ ಹಿಡಿದು ಎಳೆದುಕೊಂಡು ಹೋದೆ. ತೊಟ್ಟಿಗೆ ಮೂಗಿಟ್ಟು ಕಣ್ಣು ಮುಚ್ಚಿ ಮೂಸಿದ. ಇನ್ನೊಂದು ಮೂಲೆಗೆ ಹೋಗಿ ಮೂಸಿದ.

"ಮೀನಿಲ್ಲ ಸಾ. ಇದು ಗೋಣಿ ಮುಗ್ಗುಲು ಕಣಿ. ತಿಂಗ್ಳಾಯ್ತಾ ಒಂದೇ ಗೋಣಿ ಆಕಿ? ಬದ್ಲಾಯ್ಸಿ. ಒಳ್ಗಿರೋನು ಸತ್ತಿಲ್ಲ, ಸತ್ತಿದ್ರೆ ನೀವು ನನ್ನ ಕರ್ಯೋ ಗಂಟ ಕಾಯ್ತಿರ್ಲಿಲ್ಲ, ನಾನೇ ಬೀದೀಲಿ ಮೂಸ್ಕಂಡು ಬತ್ತಿದ್ದೆ."

ಬಸಮ್ಮ ನಕ್ಕಳು. ಬಟ್ಟಲಲ್ಲಿದ್ದ ಎಳ್ಳುಬೆಲ್ಲವನ್ನು ಅವನ ಕಡೆ ತಳ್ಳಿದಳು. ಕುರ್ಚಿಯಲ್ಲಿ ಕೂತು ಕಾಫಿ ಕುಡಿದು ಹೋದ. ಹೊಸ ಗೋಣಿ ಹಾಕಿದ್ದಾಯಿತು. ಎಂಬತ್ತಮೂರು.

೩೦-೧-೨೦೨೫, ಗುರುವಾರ

ಮೂವತ್ತಾರನೆಯ ದಿನ. ಮರಳು ಅಲುಗಿಲ್ಲ. ಆ ನಾಲ್ಕು ದಿನ ಗುಂಡನ ಚರ್ಮ ಒಣಗಿ ಮೈಗೆ ಅಂಟಿಕೊಂಡಿದ್ದರೆ? ಅಗೆದು ನೋಡಲೆ ಎಂದೆ. ಬಸಮ್ಮ ಹೇಳಿದಳು: "ಅವಸ್ರ ಮಾಡುದ್ರೆ ಉಳ ಕೆಡ್ತದೆ."

ಅಗೆಯಲಿಲ್ಲ.

೩-೨-೨೦೨೫, ಸೋಮವಾರ

ಡಾಕ್ಟರ ಬಳಿಗೆ ಹೋಗುವ ದಿನ. ಎಂಟಕ್ಕೆ ಆಟೋ ಬಂತು. ಕೋಮಲ ಅತ್ತೆಗೆ ಒಳ್ಳೆಯ ಸೀರೆ ಉಡಿಸಿದ್ದಳು. ಬಸಮ್ಮ ತೊಟ್ಟಿಯ ಪಕ್ಕದ ಕುರ್ಚಿಯಿಂದ ಏಳಲೇ ಇಲ್ಲ.

"ನಾ ಬರಾಕಿಲ್ಲ. ಗೋಣಿ ಯಾರ್ ಇಂಡಾರು?"

"ನಾನ್ ಇಂಡ್ತೀನಿ ಕಣತ್ತೆ, ರಜ ಆಕಿವ್ನಿ."

"ನೀ ಇಂಡುದ್ರೆ ನೀರ್ ಸೋರ್ತದೆ." ನನ್ನ ಕಡೆ ತಿರುಗಿದಳು. "ನೀವ್ ಓಗ್ಬನ್ನಿ."

ಹತ್ತು ನಿಮಿಷ ವಾದಿಸಿ ಸೋತೆ. ಮನವಿಪತ್ರ ಬರೆದುಕೊಂಡು, ಶಾಖ ತೇವಗಳ ದಾಖಲೆ ಬೇಕಾದೀತೆಂದು ಈ ಪುಸ್ತಕವನ್ನೂ ಚೀಲದಲ್ಲಿಟ್ಟುಕೊಂಡು ಒಬ್ಬನೇ ಕೊಳ್ಳೇಗಾಲಕ್ಕೆ ಹೋದೆ. ಡಾಕ್ಟರು ಪತ್ರವನ್ನು ಎರಡು ಸಲ ಓದಿದರು.

"'ಸದರಿಯವರಿಗೆ ಮನೆಯಲ್ಲಿ ಅನಿವಾರ್ಯ ಕೆಲಸವಿರುವುದರಿಂದ ಈ ದಿನ ಹಾಜರಾಗಲು ಬಿಡುವಿರುವುದಿಲ್ಲ.' ಏನ್ ಕೆಲಸ ಯಜಮಾನ್ರೆ?"

"ಗೋಣಿ ಹಿಂಡುವುದು ಸ್ವಾಮಿ. ದಿನಕ್ಕೆ ಮೂರು ಸಲ."

"ಯಾವ ಕೈಲಿ?"

ಪುಸ್ತಕ ತೆಗೆದು ಹುಡುಕಿದೆ. ಡಿಸೆಂಬರ್ ಇಪ್ಪತ್ತೆರಡರವರೆಗೆ ಬಲಗೈಯ ಎಣಿಕೆ ಇದೆ. ಆಮೇಲೆ ಗೋಣಿ ಇದೆ, ನೀರಿದೆ, ಗುಂಡ ಇದ್ದಾನೆ. ಹಿಂಡಿದ ಕೈ ಯಾವುದೆಂದು ಎಲ್ಲಿಯೂ ಬರೆದಿಲ್ಲ. ನನ್ನ ಎದುರಿಗೇ ತಿಂಗಳಿಡೀ ಹಿಂಡಿದಳು, ನನ್ನ ಕಣ್ಣು ಮಾಪಕದ ಮೇಲಿತ್ತು.

"ಗೊತ್ತಿಲ್ಲ" ಎಂದೆ.

"ಗೋಣೀನ ಒಂದು ಕೈಲಿ ಹಿಂಡೋಕಾಗಲ್ಲ ಯಜಮಾನ್ರೆ." ಅವರು ಪತ್ರವನ್ನು ಮಡಿಸಿ ತಮ್ಮ ಮೇಜಿನೊಳಗೆ ಇಟ್ಟುಕೊಂಡರು. "ಹೋಗಿ, ನೋಡಿ. ನೋಡಿ ಫೋನ್ ಮಾಡಿ."

ಬಸ್ಸು ಎಲ್ಲ ಕಡೆ ನಿಂತಿತು. ಮನೆ ಸೇರಿದಾಗ ಎರಡು ಗಂಟೆ. ನಡುಮನೆಯಲ್ಲಿ ಬಸಮ್ಮ ಬಕೆಟ್ಟಿನ ಮುಂದೆ ಕುರ್ಚಿ ಎಳೆದುಕೊಂಡು ಕೂತಿದ್ದಳು. ಬಲಗೈಯಲ್ಲಿ ಗೋಣಿಯ ಒಂದು ತುದಿ, ಎಡಗೈಯಲ್ಲಿ ಇನ್ನೊಂದು. ಹಿಂಡುವುದನ್ನು ಅರ್ಧಕ್ಕೇ ನಿಲ್ಲಿಸಿ ಗಾಜಿನ ಕಡೆ ನೋಡುತ್ತಿದ್ದಳು. ಗೋಣಿಯಿಂದ ನೀರು ಅವಳ ಸೀರೆಯ ಮೇಲೆ ಇಳಿಯುತ್ತಿತ್ತು.

ಗಾಜಿನಾಚೆ ಮರಳು ಬಿರಿದಿತ್ತು. ಗುಂಡ ಅದರ ಅಂಚಿನಲ್ಲಿ ನಿಂತಿದ್ದ. ಮೈ ತೊಳೆದಂತೆ ಕೆಂಪಗಿತ್ತು. ಮೀಸೆಯೆರಡೂ ಆಡುತ್ತಿದ್ದವು.

ನಾನು ಹೊಸ್ತಿಲಲ್ಲಿಯೇ ನಿಂತಿದ್ದೆ. ಬಸಮ್ಮ ತಿರುಗದೆಯೇ ಹೇಳಿದಳು.

"ಬಾಗ್ಲಾಕ್ರಿ. ಥಂಡಿ ನುಗ್ತದೆ."

ಬಾಗಿಲು ಹಾಕಿದೆ.